ಚಟದ ಬಂಗಲೆಯಲ್ಲಿ ಮಲಗಿದ ಸಾಕ್ಷಿ

“ಮಲಗಬ್ಯಾಡ್ರಿ ಸಾವಕಾರ್ರ! ಕಣ್ಣ ತೆಗೀರಿ! ಈ ಕಡೆ ನೋಡ್ರಿ!”

ಪೊಲೀಸ್ ಫೌಜದಾರ ನೀಲಕಂಠಪ್ಪನವರು ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದರು. ದ್ಯಾಮಣ್ಣ ಸಾವಕಾರರ ತಲೆ ಮಾತ್ರ ಎದೆಯ ಮೇಲೆ ಜೋತುಬಿದ್ದೇ ಇತ್ತು. ಒಂದು ರಟ್ಟೆಯನ್ನು ಬಂಗಲೆಯ ಆಳು ನಿಜಾಮುದ್ದೀನ ಹಿಡಿದಿದ್ದ, ಇನ್ನೊಂದನ್ನು ಹವಾಲ್ದಾರ ಶಿದ್ದಪ್ಪ. ಇಬ್ಬರೂ ಸೇರಿ ಅವರನ್ನು ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆಸುತ್ತಿದ್ದರು. ನಡೆಸುತ್ತಿದ್ದರು ಅನ್ನುವುದೇ ತಪ್ಪು, ಎಳೆದಾಡುತ್ತಿದ್ದರು.

ಡಾಕ್ಟರ್ ಮನಗುಂಡಿಯವರು ಸಾವಕಾರರ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೇಲೆತ್ತಿ ನೋಡಿದರು. ಕಣ್ಣಿನ ಪಾಪೆ ಸಾಸಿವೆ ಕಾಳಿಗಿಂತ ಸಣ್ಣದಾಗಿತ್ತು.

“ಅಫೀಮ. ಬ್ಯಾರೆ ಮಾತಽ ಇಲ್ಲ,” ಎಂದರು ಡಾಕ್ಟರು. “ಹೊಟ್ಟಿ ತೊಳದಾತು, ಕಡಕ್ ಕಾಫಿ ಕುಡಿಸಿದ್ದಾತು. ಇನ್ನ ಮಲಗಲಿಕ್ಕೆ ಬಿಡಬಾರದು. ಮಲಗಿದ್ರ ಉಸಿರೂ ಮಲಗತದ.”

ನೀಲಕಂಠಪ್ಪನವರು ತಲೆಯ ಮೇಲಿನ ಟೋಪಿ ತೆಗೆದು ಕಟ್ಟೆಯ ಮೇಲೆ ಒಗೆದರು. ಹುಬ್ಬಳ್ಳಿಯ ಹತ್ತಿ ವಖಾರಿಗೆ ಬೆಂಕಿಯಿಟ್ಟು, ಕಾವಲುಗಾರನನ್ನು ಒಳಗೇ ಸುಟ್ಟು ಹೊರಬಂದವನನ್ನು ಕಣ್ಣಾರೆ ಕಂಡ ಮನುಷ್ಯ ಈ ಭೂಮಿಯ ಮೇಲೆ ಈ ಸಾವಕಾರನೊಬ್ಬನೇ. ಇವನು ಇವತ್ತು ಬಾಯಿ ಬಿಡದಿದ್ದರೆ ನಾಳೆ ಆರೋಪ ಹೊತ್ತ ಹಮಾಲ ಬೀರಪ್ಪ ಕೋರ್ಟಿಗೆ ಹೋಗುತ್ತಾನೆ, ಅಲ್ಲಿಂದ ಅವನ ದಾರಿ ನೇರ ನೇಣುಗಂಬಕ್ಕೆ. ಬೀರಪ್ಪ ತಪ್ಪು ಮಾಡಿಲ್ಲ ಎಂದು ನೀಲಕಂಠಪ್ಪನವರಿಗೆ ತಮ್ಮ ಹೆಸರು ಗೊತ್ತಿದ್ದಷ್ಟೇ ಗಟ್ಟಿಯಾಗಿ ಗೊತ್ತಿತ್ತು. ಗೊತ್ತಿದ್ದು ಏನು ಬಂತು? ಕೋರ್ಟಿಗೆ ಬೇಕಾದದ್ದು ಸಾಕ್ಷಿ, ಫೌಜದಾರನ ಸಿಟ್ಟಲ್ಲ.

ಸಿಟ್ಟೇನೋ ಅವರಲ್ಲಿ ಬೇಕಾದಷ್ಟಿತ್ತು. ಮೂರು ವಾರಗಳಿಂದ ಅದೊಂದೇ ಬೆಳೆದಿತ್ತು.

ಧಾರವಾಡದ ಹೊರಗೆ, ಕೆಲಗೇರಿ ಕಡೆಯ ದಿಬ್ಬದ ಮೇಲಿನ ಈ ಮನೆಗೆ ಡಾಕ್ಟರು ಇಟ್ಟ ಹೆಸರು ಬೇರೆ. ಊರಿನವರು ಕರೆಯುವುದು ಚಟದ ಬಂಗಲೆ ಎಂದು. ದಾರೂ ಕುಡಿದು ಮನೆ ಹಾಳು ಮಾಡಿದವರು, ಅಫೀಮು ನುಂಗಿ ಅಂಗಡಿ ಮರೆತವರು, ಎಲ್ಲರನ್ನೂ ಅವರವರ ಮನೆಯವರು ಚಕ್ಕಡಿಯಲ್ಲೋ ಮೋಟಾರಿನಲ್ಲೋ ಹಾಕಿಕೊಂಡು ಬಂದು ಇಲ್ಲಿ ಬಿಡುತ್ತಿದ್ದರು. ಬಾಗಿಲಲ್ಲೇ ಜಳಕ ಮಾಡಿಸಿ, ಉಟ್ಟ ಬಟ್ಟೆ ತೆಗೆಸಿ, ಬಂಗಲೆಯ ಧೋತರ ಅಂಗಿ ಕೊಡುವುದು ಮೊದಲ ಕೆಲಸ. ಹೊರಗಿನ ಎಲೆ ಅಡಿಕೆ ಸಹ ಒಳಗೆ ಹೋಗುವಂತಿಲ್ಲ, ಹೊರಗಿನ ಮನುಷ್ಯ ಅಂತೂ ಮೊದಲೇ ಇಲ್ಲ.

ನೀಲಕಂಠಪ್ಪನವರು ಮೊದಲ ಸಲ ಬಂದಾಗ ದ್ಯಾಮಣ್ಣನವರ ಮೂಗಿನಲ್ಲಿ ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಮೈಮೇಲಿನ ರೋಮ ನಿಂತು, ಕಾಲು ಸೆಟೆದು, ಕಂಬಳಿ ಹೊದ್ದು ನಡುಗುತ್ತ, ಮಾತಿಗೊಮ್ಮೆ ಆಕಳಿಸುತ್ತಿದ್ದರು. “ಈಗ ಏನೂ ಕೇಳಬ್ಯಾಡ್ರಿ,” ಎಂದರು ಡಾಕ್ಟರು. ಎರಡನೆಯ ಸಲ ಬಂದಾಗ ಸಾವಕಾರರು ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. “ಇದು ಛಲೋ ಲಕ್ಷಣ,” ಎಂದರು ಡಾಕ್ಟರು, “ನಾಚಿಕಿ ಬಂದದ, ಆದ್ರ ಏನೂ ಕೇಳಬ್ಯಾಡ್ರಿ.” ಮೂರನೆಯ ಸಲ ಅವರು ಹಿತ್ತಲಲ್ಲಿ ಬದನೆ ಮಡಿಗೆ ನೀರು ಬಿಡುತ್ತ, ಹಸಿವಾಗಿದೆ ಎಂದು ರೊಟ್ಟಿ ಕೇಳುತ್ತಿದ್ದರು. ಆಗಲೂ ಅದೇ ಉತ್ತರ. ಫೌಜದಾರನಾಗಿ ಹುಟ್ಟುವುದಕ್ಕಿಂತ ಆ ಬದನೆ ಗಿಡವಾಗಿ ಹುಟ್ಟಿದ್ದರೆ ಸಾವಕಾರರ ಹತ್ತಿರ ನಿಲ್ಲಲಾದರೂ ಬಿಡುತ್ತಿದ್ದರು ಎಂದುಕೊಂಡು ನೀಲಕಂಠಪ್ಪನವರು ಹಲ್ಲು ಕಡಿದು ತಿರುಗಿ ಹೋಗಿದ್ದರು.

ಇದರ ನಡುವೆ ಒಬ್ಬನು ಮಾತ್ರ ಕೇಳಿ ಉತ್ತರ ಪಡೆದಿದ್ದ. ಸಾವಕಾರರನ್ನು ಇಲ್ಲಿ ಸೇರಿಸಿದ ಮರುದಿನ, ಡಾಕ್ಟರು ಪೇಟೆಗೆ ಹೋದಾಗ, ಹವಾಲ್ದಾರ ಶಿದ್ದಪ್ಪ ಒಳಗೆ ಹೊಕ್ಕು ಕೇಳಿದ್ದ. ದ್ಯಾಮಣ್ಣನವರು ನಡುಗುತ್ತಲೇ “ಬೀರಪ್ಪ” ಎಂದಿದ್ದರು. ಆ ಒಂದು ಮಾತಿನ ಮೇಲೆ ಬೀರಪ್ಪ ಕೋಳ ತೊಟ್ಟು ಕುಳಿತಿದ್ದ.

“ಆ ಹೊತ್ತಿನ್ಯಾಗ ಒಂದ ಚೂರು ಅಫೀಮ ಕೊಡತೇನಂದ್ರ ಹಡದ ತಂದಿ ಹೆಸರೂ ಹೇಳತಿದ್ರು,” ಎಂದು ಡಾಕ್ಟರು ಆಗ ಕಿಡಿಕಾರಿದ್ದರು.

ಮೊನ್ನೆ ಅದೇ ಸಾವಕಾರರು ತಾವಾಗಿಯೇ ಹೇಳಿಕಳಿಸಿದ್ದರು. ಆವತ್ತು ಹೇಳಿದ್ದು ಸುಳ್ಳು, ಖರೇ ಹೆಸರನ್ನು ಫೌಜದಾರರೊಬ್ಬರ ಮುಂದೆ ಹೇಳುತ್ತೇನೆ, ಅದಕ್ಕೂ ಮೊದಲು ಮಗಳ ಮುಖ ತೋರಿಸಿರಿ ಎಂದು.

ಡಾಕ್ಟರು ಮಗಳನ್ನು ಒಳಗೆ ಬಿಡಲು ಒಪ್ಪಲಿಲ್ಲ. ನೀಲಕಂಠಪ್ಪನವರು ಸರಕಾರದ ಹೆಸರು ಹೇಳಿ ಗುಡುಗಿ ಒಪ್ಪಿಸಿದರು. ಬಾಣಂತನಕ್ಕೆ ತವರಿಗೆ ಬಂದಿದ್ದ ಮಗಳು ರತ್ನವ್ವ ನಿನ್ನೆ ಮಧ್ಯಾಹ್ನ ಕೂಸನ್ನೆತ್ತಿಕೊಂಡು ಹುಬ್ಬಳ್ಳಿಯಿಂದ ಬಂದಳು. ಜೊತೆಗೆ ಹೋಗಬೇಕಿದ್ದ ಫೌಜದಾರರನ್ನು ಅದೇ ಹೊತ್ತಿಗೆ ಮೇಲಿನ ಸಾಹೇಬರು ಕರೆಸಿ ನಿಲ್ಲಿಸಿಕೊಂಡರು. ನೀಲಕಂಠಪ್ಪನವರು ತಮ್ಮ ಬದಲು ಶಿದ್ದಪ್ಪನನ್ನು ಕಳಿಸಿದರು. ಇವತ್ತು ಬೆಳಿಗ್ಗೆ ಕಿವಿ ತೆರೆದುಕೊಂಡು ಬಂದರೆ ಸಾಕ್ಷಿ ಹೀಗೆ ಬಿದ್ದಿದ್ದ!

“ಯಾರ ಕೊಟ್ರು ಡಾಕ್ಟರ್ರ?” ನೀಲಕಂಠಪ್ಪನವರು ಕೇಳಿದರು. “ನಿಮ್ಮ ಔಷಧದ ಕಪಾಟಿಂದ ಹೋಗೇತೇನು?”

“ಕಪಾಟಿನ ಕೀಲಿ ನನ್ನ ಕೊರಳಾಗದ. ಒಳಗಿನ ಬಾಟ್ಲಿ ಇದ್ದಂಗ ಇದ್ದಾವು. ನೀವಽ ನೋಡೀರಿ.”

“ಹಂಗಾದ್ರ ಎಷ್ಟು ನುಂಗಿರಬೇಕು? ಇವರೇನು ಅಫೀಮಿಗೆ ಹೊಸಬರಲ್ಲ. ದಿನಾ ದೊಡ್ಡ ಗೋಲಿ ನುಂಗಿ ಸಂಜಿತನಾ ಪ್ಯಾಟ್ಯಾಗ ವ್ಯಾಪಾರ ಮಾಡಿದ ಮನಶಾ.”

ಡಾಕ್ಟರು ಫೌಜದಾರರನ್ನು ಶಾಲೆಯ ದಡ್ಡ ಹುಡುಗನನ್ನು ನೋಡುವಂತೆ ನೋಡಿದರು. “ಅದಽ ತಪ್ಪು ತಿಳೀಲಿಕ್ಕತ್ತೀರಿ ನೀವು. ಇಲ್ಲಿಗೆ ಬಂದ ದಿನ ಅವರು ನುಂಗತಿದ್ದಷ್ಟು ನೀವು ನುಂಗಿದ್ರ ಸತ್ತ ಹೋಗತಿದ್ರಿ. ಅವರಿಗೆ ಅದು ಚಹಾ ಕುಡದಂಗ. ನಾನು ಮೂರು ವಾರ ದಿನಾ ಇಷ್ಟಿಷ್ಟ ಇಳಿಸಿ, ಕಡೀಕ ಪೂರಾ ಬಿಡಿಸೇನಿ. ಇವತ್ತ ಅವರ ಮೈ ನಿಮ್ಮ ಮೈಯಂಗ ಆಗೇದ. ಮೊದಲಿನ ಅರ್ಧ ನುಂಗಿದ್ರೂ ಸಾಕು. ಈ ಮನ್ಯಾಗಿಂದ ಹೊರಗ ಹೋದವರು ಅಲ್ಲೇ ತಪ್ಪಿ ಸಾಯತಾರ. ಮನಿಯವರಿಗೆ ನಾನು ಹೇಳೋ ಮೊದಲನೇ ಮಾತೂ ಅದಽ, ಕಡೀ ಮಾತೂ ಅದಽ.”

“ಇದು ಯಾರ್ಯಾರಿಗೆ ಗೊತ್ತೈತಿ?”

“ನನ್ನ ಮಾತು ಕೇಳಿದವರಿಗೆ ಗೊತ್ತದ. ನೀವು ಕೇಳಲಿಲ್ಲ. ಗುಡುಗಿದ್ರಿ.”

ಆ ಮಾತು ನಾಟಿತು. ನೀಲಕಂಠಪ್ಪನವರು ದಡಬಡ ಒಳಗೆ ಹೋಗಿ ದ್ಯಾಮಣ್ಣನವರ ಕೋಣೆಯನ್ನು ಇನ್ನೊಮ್ಮೆ ತಲೆಕೆಳಗು ಮಾಡಿದರು. ಹಾಸಿಗೆಯ ಹತ್ತಿ ಕಿತ್ತು ನೋಡಿದರು, ತಂಬಿಗೆ ಬೋರಲು ಹಾಕಿದರು, ಗೂಡಿನಲ್ಲಿದ್ದ ವಿಭೂತಿ ಗಟ್ಟಿಯನ್ನು ಮನಸ್ಸಿನಲ್ಲೇ ಕ್ಷಮೆ ಕೇಳಿ ಮುರಿದು ನೋಡಿದರು. ಒಳಗೂ ವಿಭೂತಿಯೇ ಇತ್ತು. ಸಿಕ್ಕಿದ್ದು ಒಂದೇ ಒಂದು ವಸ್ತು. ಮಂಚದ ಕಾಲಿನ ಹತ್ತಿರ, ಕಡಲೆ ಕಾಳಿನಷ್ಟೂ ಇಲ್ಲದ ಒಂದು ಕಂದು ಉಂಡೆ, ತುಳಿದು ಚಪ್ಪಟೆಯಾಗಿತ್ತು. ಮೂಸಿದರೆ ಜಾಜಿಕಾಯಿಯ ವಾಸನೆ. ಯಾವುದೋ ಜೀರ್ಣದ ಮದ್ದೆಂದು ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೊರಬಂದರು.

ಹೆಂಗಸರನ್ನು ತಪಾಸ ಮಾಡುವವಳು ಮಾಶಾಬಿ. ಅವಳನ್ನು ಡಾಕ್ಟರರ ಕೋಣೆಗೆ ಕರೆಸಿದರು. ಅವಳು ಬಂದವಳೇ ಸೆರಗು ಚಾಚಿ ಆಣೆಯಿಟ್ಟಳು.

“ಅಲ್ಲಾನ ಆಣಿ ಸಾಹೇಬ್ರ, ಅಫೀಮ ಅನ್ನೂದು ನನ್ನ ಕೈ ದಾಟಿ ಹೋಗಿಲ್ಲ. ಆ ತಂಗೀನ ತುರುಬ ಬಿಚ್ಚಿಸಿ ನೋಡೇನಿ, ಸೀರಿ ಝಾಡಿಸೇನಿ. ಅಪ್ಪಗಂತ ಹೋಳಿಗಿ ತಂದಿದ್ಲು, ಬಾಳಿಹಣ್ಣು ತಂದಿದ್ಲು. ಎಲ್ಲಾ ಇಲ್ಲೇ ಇಟಗೊಂಡೆ.”

“ಒಳಗ ಒಯ್ಯಾಕ ಬಿಟ್ಟಿದ್ದೇನು?”

“ಏನೂ ಇಲ್ರಿ. ಕೂಸು, ಕೂಸಿನ ಸಾಮಾನು. ಅಷ್ಟಽ.”

“ಹವಾಲ್ದಾರನ್ನ ತಪಾಸ ಮಾಡಿದ್ರೇನು?”

ಮಾಶಾಬಿ ಬಾಯಿ ತೆರೆದಳು. “ಪೊಲೀಸರನ್ನ ಯಾರ ತಪಾಸ ಮಾಡತಾರಿ?”

ಅದೂ ಖರೆಯೇ. ನೀಲಕಂಠಪ್ಪನವರು ಹಣೆ ಒತ್ತಿಕೊಂಡರು. ಎಲ್ಲಿ ಕೈ ಹಾಕಿದರೂ ಗೋಡೆ.

ಅಷ್ಟರಲ್ಲಿ ಟಾಂಗಾ ಬಂತು. ರಾತ್ರಿ ಧಾರವಾಡದ ಸಂಬಂಧಿಕರ ಮನೆಯಲ್ಲಿ ಉಳಿದಿದ್ದ ರತ್ನವ್ವನನ್ನು ಕರೆತಂದಿದ್ದರು. ಕೂಸನ್ನು ಎದೆಗವಚಿಕೊಂಡು, ಪಡಸಾಲೆಯಲ್ಲಿ ತಂದೆಯನ್ನು ಎಳೆದಾಡುತ್ತಿದ್ದುದನ್ನು ನೋಡಿ ಅವಳು ಹೊಸ್ತಿಲಲ್ಲೇ ಕುಸಿದಳು. ಮಾಶಾಬಿ ರಟ್ಟೆ ಹಿಡಿದು ಒಳಗೆ ತಂದು ಕುರ್ಚಿಯ ಮೇಲೆ ಕೂರಿಸಿದಳು.

“ಯವ್ವಾ ರತ್ನವ್ವಾ, ನನಗ ಸುತ್ತಿ ಬಳಸಿ ಮಾತಾಡಾಕ ಹೊತ್ತಿಲ್ಲ,” ಎಂದರು ನೀಲಕಂಠಪ್ಪ. “ನಿನ್ನಿ ಅಪ್ಪಗ ಏನ ಕೊಟ್ಟಿ?”

“ಏನೂ ಕೊಟ್ಟಿಲ್ರಿ.”

“ಅಫೀಮ ಕೊಟ್ಟಿ.”

“ನಮ್ಮ ಮನಿ ದೇವರಾಣಿ ಮಾಡಿ ಹೇಳತೇನ್ರಿ, ನಾ ಅಫೀಮ ಮುಟ್ಟಿಲ್ಲ!” ಅವಳ ಧ್ವನಿ ಏರಿತು. “ಆ ಅಫೀಮಿಂದ ನಮ್ಮವ್ವ ಸತ್ಲು. ಅದನ್ನ ನಾ ಮುಟ್ಟತೇನೇನ್ರಿ?”

ಸುಳ್ಳು ಹೇಳುವವರನ್ನು ನೀಲಕಂಠಪ್ಪನವರು ಸಾಕಷ್ಟು ಕಂಡಿದ್ದರು. ಇವಳು ಹೇಳುತ್ತಿದ್ದುದು ಸುಳ್ಳಲ್ಲ. ಅದೇ ಅವರನ್ನು ಹೆಚ್ಚು ರೇಗಿಸಿತು. ಮಾಶಾಬಿ ಖರೆ ಹೇಳುತ್ತಾಳೆ, ಡಾಕ್ಟರು ಖರೆ ಹೇಳುತ್ತಾರೆ, ಮಗಳು ಖರೆ ಹೇಳುತ್ತಾಳೆ, ಎಲ್ಲರೂ ಸತ್ಯವಂತರೇ ಆದಮೇಲೆ ಸಾವಕಾರರ ಹೊಟ್ಟೆಗೆ ಅಫೀಮು ಆಕಾಶದಿಂದ ಬಿತ್ತೇ?

“ಹಂಗಾದ್ರ ಯಾರ ಕೊಟ್ರು?” ಎಂದು ಮೇಜು ಗುದ್ದಿದರು.

ಆ ಸದ್ದಿಗೆ ಕೂಸು ಬೆಚ್ಚಿ ಚೀರತೊಡಗಿತು. ರತ್ನವ್ವ ತಟ್ಟಿದಳು, ತೂಗಿದಳು, ಮಗ್ಗುಲು ಬದಲಿಸಿದಳು. ಅದು ಮುಖ ಕೆಂಪಗೆ ಮಾಡಿಕೊಂಡು ಇನ್ನಷ್ಟು ಚೀರಿತು. ಪ್ರಶ್ನೆ ಕೇಳುವುದೇ ಅಸಾಧ್ಯವಾಯಿತು. ಮಾಶಾಬಿಗೆ ನೋಡಲಾಗಲಿಲ್ಲ.

“ಅಳಸೂದ್ಯಾಕವಾ? ಒಂದ ಗುಳಿಗಿ ತಿನಸು. ಮಲಗತೈತಿ,” ಎಂದಳು.

“ತೀರಿಹೋಗ್ಯಾವಬೇ. ನಿನ್ನಿಂದ ಇಲ್ಲ. ರಾತ್ರಿಯೆಲ್ಲಾ ಹಿಂಗಽ ಅತ್ತೈತಿ.” ರತ್ನವ್ವ ಸೆರಗಿನ ಗಂಟು ಬಿಚ್ಚಿ ಸಣ್ಣ ತಗಡಿನ ಡಬ್ಬಿ ತೆಗೆದು ಮುಚ್ಚಳ ತೆರೆದು ತೋರಿಸಿದಳು.

ನೀಲಕಂಠಪ್ಪನವರ ಮೂಗಿಗೆ ಜಾಜಿಕಾಯಿಯ ವಾಸನೆ ಬಡಿಯಿತು.

ಅವರು ಸುಮ್ಮನೆ ಕೈ ಚಾಚಿ ಡಬ್ಬಿ ತೆಗೆದುಕೊಂಡರು. ಇನ್ನೊಂದು ಕೈಯಿಂದ ಕರವಸ್ತ್ರ ಬಿಚ್ಚಿದರು. ಚಪ್ಪಟೆಯಾದ ಉಂಡೆಯನ್ನೂ ಡಬ್ಬಿಯನ್ನೂ ಡಾಕ್ಟರರ ಮುಂದೆ ಇಟ್ಟರು. ಡಾಕ್ಟರು ಉಂಡೆಯ ಚೂರನ್ನು ನಾಲಿಗೆಗೆ ಮುಟ್ಟಿಸಿಕೊಂಡು, ತಕ್ಷಣ ಕಿಟಕಿಯ ಹೊರಗೆ ಉಗುಳಿ, ನಿಧಾನವಾಗಿ ಕುಳಿತರು.

“ಕೂಸಿನ ಗುಳಿಗಿ,” ಎಂದರು. “ಜಾಜಿಕಾಯಿ, ಬಜಿ ಬೇರು, ಅಫೀಮ.”

“ಅಫೀಮ ಅಲ್ರಿ ಅದು!” ಮಾಶಾಬಿ ಹೌಹಾರಿದಳು. “ಡಬ್ಬಿ ನಾನಽ ತೆಗದ ನೋಡಿದೆ. ತುಂಬ ಇದ್ದುವು. ಕೂಸಿನ ಗುಳಿಗಿ ಅಂತ ಮುಚ್ಚಿ ಕೊಟ್ಟೆ. ನನ್ನ ಮಕ್ಕಳೆಲ್ಲಾ ಅದನ್ನ ತಿಂದ ಬೆಳದಾವ್ರಿ. ಮಿಲ್ಲಿಗೆ ಹೋಗೂ ಹೆಂಗಸರು ಅದನ್ನ ತಿನಸಲಾರದ ಕೂಸಿನ್ನ ಹೆಂಗ ಬಿಟ್ಟ ಹೋಗತಾರ?”

ಅವಳನ್ನು ಬೈಯಲು ಬಾಯಿ ತೆರೆದ ನೀಲಕಂಠಪ್ಪನವರು ಹಾಗೇ ಮುಚ್ಚಿದರು. ಅವರ ಮನೆಯ ದೇವರ ಜಗುಲಿಯ ಪಕ್ಕದ ಗೂಡಿನಲ್ಲಿಯೂ ಇಂಥದೇ ಡಬ್ಬಿ ಇತ್ತು. ಅವರ ಹೆಂಡತಿ ದಿನಾ ಸಂಜೆ ಸಣ್ಣ ಮಗಳಿಗೆ ಒಂದು ಅರೆದು ಕುಡಿಸುತ್ತಿದ್ದಳು, ಅವರು ಪಕ್ಕದಲ್ಲೇ ಕುಳಿತು ಪೇಪರು ಓದುತ್ತಿದ್ದರು. ಊರಿಗೂರೇ ಕಂಡ ವಸ್ತುವನ್ನು ಅಫೀಮೆಂದು ಯಾರೂ ಕರೆದಿರಲಿಲ್ಲ. ಅಫೀಮು ತಂದೆಯೇನು ಎಂದು ಕೇಳಿದರೆ ಇಲ್ಲ ಎಂದು ಎಲ್ಲರೂ ದೇವರ ಮೇಲೆ ಆಣೆಯಿಟ್ಟೇ ಇಡುತ್ತಿದ್ದರು.

ರತ್ನವ್ವನ ಮುಖ ಬಿಳಿಚಿಕೊಂಡಿತು. “ಅಂದ್ರ... ನಾನು...”

“ಎಷ್ಟು ಕೊಟ್ಟಿ?” ಈ ಸಲ ಫೌಜದಾರರ ಧ್ವನಿ ಮೆತ್ತಗಿತ್ತು.

“ಎರಡಽ ಎರಡ ಗುಳಿಗೀರಿ. ಅಪ್ಪ ಕಾಲ ಹಿಡಕೊಂಡ್ರಿ ಸಾಹೇಬ್ರ, ಹಡದ ಅಪ್ಪ ಮಗಳ ಕಾಲ ಹಿಡಕೊಂಡ್ರು! ರಾತ್ರಿ ನಿದ್ದಿ ಹತ್ತವಲ್ದು, ಕಾಲ ಜಗ್ಗತಾವ, ಕೂಸಿಗೆ ಕೊಡೂದನ್ನ ನನಗೂ ಕೊಡು ಅಂದ್ರು. ಕೂಸಿಗೆ ಆಗೂದು ಅವರಿಗೆ ಏನ ಮಾಡತೈತಿ ಅಂತ ಕೊಟ್ಟೆ. ಒಂದ ಕೆಳಗ ಬಿತ್ತು, ಹುಡುಕಿದೆ, ಸಿಗಲಿಲ್ಲ.”

“ಅಂದ್ರ ಹೊಟ್ಟಿಗೆ ಹೋದದ್ದು ಒಂದು,” ಎಂದರು ಡಾಕ್ಟರು. “ಒಂದರಿಂದ ದೊಡ್ಡ ಮನಶಾ ಹಿಂಗ ಬೀಳೂದಿಲ್ಲ. ಡಬ್ಬೀನಽ ಖಾಲಿ ಆಗಿರಬೇಕು.”

“ಡಬ್ಬಿ ತುಂಬ ಇತ್ರಿ! ನಿನ್ನಿ ಬರೂ ಮುಂದ ದುರ್ಗದಬೈಲಿನ ಪ್ಯಾಟ್ಯಾಗ ತಗೊಂಡ ಬಂದಿದ್ದೆ. ರಾತ್ರಿ ನೋಡಿದ್ರ ಒಂದೂ ಇಲ್ಲ. ಎಲ್ಲೋ ಚೆಲ್ಲ್ಯಾವ ಅಂದಕೊಂಡೆ.”

ನೀಲಕಂಠಪ್ಪನವರು ಮುಂದೆ ಬಾಗಿದರು. ಮೂರು ವಾರದಲ್ಲಿ ಮೊದಲ ಬಾರಿಗೆ ಕಾಲ ಕೆಳಗೆ ಗಟ್ಟಿ ನೆಲ ಸಿಕ್ಕ ಹಾಗಿತ್ತು.

“ನೆನಪ ಮಾಡಿ ಹೇಳವಾ. ಅಪ್ಪಗ ಕೊಟ್ಟ ಮ್ಯಾಲೆ ಡಬ್ಬಿ ಎಲ್ಲಿಟ್ಟಿ?”

“ಕೂಸಿನ ಗಂಟಿನ್ಯಾಗ್ರಿ. ಬಟ್ಟಿ ಗಂಟು.”

“ಆ ಗಂಟು ನಿನ್ನ ಕೈ ಬಿಟ್ಟ ಹೋಗಿತ್ತೇನು?”

“ಕೂಸು ಅಳಾಕತ್ತಿತ್ತು. ಅಪ್ಪನೂ ಅಳಾಕತ್ತಿದ್ರು. ಅದಕ್ಕ ಹವಾಲ್ದಾರ ಮಾಮಾರು ಒಳಗ ಬಂದು, ನೀ ಸಾವಕಾಶ ಮಾತಾಡವಾ, ನಾ ಕೂಸಿನ್ನ ಆಡಸತೇನಿ ಅಂತ ಕೂಸು, ಗಂಟು ಎರಡೂ ತಗೊಂಡ ಹೊರಗ ಹ್ವಾದ್ರು. ಭಾಳ ಛಲೋ ಮನಶಾ ಅವರು. ನಾ ಹೊಂಡೂ ಮುಂದ ಅಪ್ಪಗ ಅವರಽ ಹಾಲ ತಂದ ಕುಡಸಿದ್ರು.”

ಬೀರಪ್ಪನ ಹೆಸರು ತಂದವನು ಶಿದ್ದಪ್ಪ. ಹಾಲು ಕುಡಿಸಿದವನು ಶಿದ್ದಪ್ಪ. ಸಾವಕಾರರು ಬೇರೆ ಹೆಸರು ಹೇಳಲಿದ್ದಾರೆ ಎಂಬುದನ್ನು ನೀಲಕಂಠಪ್ಪನವರೇ ಬಾಯಿ ಬಿಟ್ಟು ಹೇಳಿದ್ದು ಕೂಡ ಶಿದ್ದಪ್ಪನಿಗೆ. ಹದಿಮೂರು ವರ್ಷ ಜೊತೆಗೆ ಉಂಡವನು. ನೀಲಕಂಠಪ್ಪನವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಈಗ ಸಾವಕಾರರ ರಟ್ಟೆ ಯಾರ ಕೈಯಲ್ಲಿದೆ?

ಕುರ್ಚಿ ಉರುಳಿದ್ದನ್ನೂ ನೋಡದೆ ಅವರು ಪಡಸಾಲೆಗೆ ಓಡಿದರು. ಡಾಕ್ಟರು ಹಿಂದೆಯೇ ಬಂದರು.

ನಡೆದಾಟ ನಿಂತಿತ್ತು. ದ್ಯಾಮಣ್ಣನವರು ಬೆಂಚಿನ ಮೇಲೆ ಗೋಡೆಗೊರಗಿ ಕುಳಿತಿದ್ದರು. ಉಸಿರು ಆಡುತ್ತಿತ್ತು. ಕಣ್ಣು ಅರ್ಧ ತೆರೆದಿತ್ತು. ಪಕ್ಕದಲ್ಲೇ, ಮಗನಂತೆ, ಅವರ ಹೆಗಲು ಬಳಸಿ ಶಿದ್ದಪ್ಪ ಕುಳಿತಿದ್ದ. ಅವನ ಬಲಗೈ ಮುಷ್ಟಿ ಕಟ್ಟಿ ತೊಡೆಯ ಮೇಲಿತ್ತು. ಎದುರಿಗೆ ನಿಜಾಮುದ್ದೀನ ಕಾಫಿಯ ಬಟ್ಟಲು ಹಿಡಿದು ನಿಂತಿದ್ದ.

“ಬರ್ರಿ ಸಾಹೇಬ್ರ, ನಿಮ್ಮನ್ನಽ ಕರೀಬೇಕಂತ ಮಾಡಿದ್ದೆ,” ಎಂದು ಶಿದ್ದಪ್ಪ ನಕ್ಕ. “ಸಾವಕಾರ್ರು ಎಚ್ಚರಾದ್ರು. ಮಾತೂ ಆಡಿದ್ರು.”

“ಏನಂದ್ರು?”

“ನನ್ನ ಕೇಳಬ್ಯಾಡ್ರಿ. ನಿಮಗ ನನ್ನ ಮಾತಿನ ಮ್ಯಾಲೆ ನಂಬಿಗಿ ಇರಲಾರದ ಇರಬಹುದು. ನಿಜಾಮುದ್ದೀನನ್ನ ಕೇಳ್ರಿ.”

ನಿಜಾಮುದ್ದೀನನಿಗೆ ಯಾವ ಕಪಟವೂ ಗೊತ್ತಿರಲಿಲ್ಲ. ಒಳ್ಳೆಯ ಸುದ್ದಿ ಹೇಳುವವನ ಹಾಗೆ ಮುಂದೆ ಬಂದ. “ಹೌದ್ರಿ ಸಾಹೇಬ್ರ. ನಾ ಕಾಫಿ ತರಾಕ ಹೋಗಿ ಬರೂದ್ರಾಗ ಕಣ್ಣ ತೆಗದಿದ್ರು. ವಖಾರಿಗೆ ಬೆಂಕಿ ಹಚ್ಚಿದಾಂವ ಬೀರಪ್ಪ ಅಂತ ಅಂದ್ರು. ನನ್ನ ಕಿವೀಲೆ ಕೇಳೇನಿ. ಎಲ್ಲಿ ಬೇಕಾದ್ರೂ ಹೇಳತೇನ್ರಿ.”

“ಅದು ಸುಳ್ಳು!” ನೀಲಕಂಠಪ್ಪನವರು ಬೆಂಚಿನ ಮುಂದೆ ಮೊಣಕಾಲೂರಿ ದ್ಯಾಮಣ್ಣನವರ ಗದ್ದ ಹಿಡಿದೆತ್ತಿದರು. “ಸಾವಕಾರ್ರ, ನಾನು ಫೌಜದಾರ. ನೀವಽ ಹೇಳಿಕಳಿಸಿದ್ರಿ. ಖರೇ ಹೆಸರ ಹೇಳತೇನಿ ಅಂದಿದ್ರಿ. ಒಬ್ಬ ಬಡವನ ಜೀವ ಹೋಗತೈತ್ರಿ. ಆವತ್ತ ವಖಾರಿಂದ ಯಾರ ಹೊರಗ ಬಂದ್ರು?”

ದ್ಯಾಮಣ್ಣನವರ ತುಟಿ ಅಲುಗಿತು. ಅವರು ಫೌಜದಾರರ ಮುಖ ನೋಡಲಿಲ್ಲ. ಅವರ ಕಣ್ಣು ಶಿದ್ದಪ್ಪನ ಮುಷ್ಟಿಯ ಮೇಲೆ ನೆಟ್ಟಿತ್ತು. ಆ ಮುಷ್ಟಿಯಿಂದ ಜಾಜಿಕಾಯಿಯ ವಾಸನೆ ಬರುತ್ತಿತ್ತು.

“ಬೀರಪ್ಪ,” ಎಂದರು, ಈ ಸಲ ಡಾಕ್ಟರಿಗೂ ಹೊಸ್ತಿಲಲ್ಲಿ ನಿಂತ ಮಗಳಿಗೂ ಕೇಳುವಷ್ಟು ಸ್ಪಷ್ಟವಾಗಿ. “ಹಮಾಲ ಬೀರಪ್ಪ. ನಾ ಕಣ್ಣಾರೆ ನೋಡೇನಿ.”

ಹೇಳಿ, ಅಂಗೈಯನ್ನು ಶಿದ್ದಪ್ಪನ ಮುಂದೆ ಚಾಚಿದರು.